ದಾನವೂ ಪಾಲನೆಯೂ



ಗದಗಿನಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರು ಸಾಗಿದರೆ ಲಕ್ಕುಂಡಿ ಸಿಕ್ಕುತ್ತದೆ. ನಮ್ಮ ಗದಗ-ಬೆಟಗೇರಿಯ ಸಭೆಯ ಕುಟುಂಬಗಳಲ್ಲಿ ಆ ದಾರಿ ತುಳಿಯದವರು ವಿರಳ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಆ ಊರನ್ನು ಕುರಿತು ಜನ ಹೇಳುವ ಮಾತು ತಮಗೂ ಗೊತ್ತು. ಇಂದು ಕಾಣುವವು ಅವುಗಳಲ್ಲಿ ಕೆಲವು ಮಾತ್ರ. ಮಿಕ್ಕವು ಮಣ್ಣಿನಲ್ಲಿವೆ, ಮನೆಗಳ ಗೋಡೆಯಲ್ಲಿವೆ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ಆ ಒಂದೊಂದು ಕಲ್ಲೂ ಒಂದು ಕಾಲದಲ್ಲಿ ದೇವರಿಗೆಂದು ಯಾರೋ ಕೊಟ್ಟ ಕಾಣಿಕೆಯಾಗಿತ್ತು. ಕೊಟ್ಟವರು ಹೋದರು, ಅಲ್ಲಿ ಕೈಮುಗಿದವರೂ ಹೋದರು. ಹಾಗಾದರೆ ಅವರ ಕಾಣಿಕೆ ವ್ಯರ್ಥವಾಯಿತೇ? ಉಳಿದ ಕಲ್ಲುಗಳ ಹೊಣೆ ಈಗ ಯಾರದು? ಆ ಗುಡಿಯು ನಮ್ಮ ಮತದ್ದಲ್ಲದಿದ್ದರೆ ಆ ಹೊಣೆಯಲ್ಲಿ ನಮಗೂ ಪಾಲುಂಟೇ? ಈ ತಿಂಗಳು ತಮ್ಮೊಡನೆ ವಿಚಾರಮಾಡಬೇಕೆಂದಿರುವ ಪ್ರಶ್ನೆ ಇದು.

ಮೊದಲು ಲಕ್ಕುಂಡಿಯ ಬ್ರಹ್ಮಜಿನಾಲಯವನ್ನೇ ನೋಡೋಣ. ಕ್ರಿ.ಶ. 1007ರ ಶಾಸನದಂತೆ ಇದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಗ ಕಲ್ಯಾಣದ ಚಾಲುಕ್ಯರ ಸತ್ಯಾಶ್ರಯನು ಆಳುತ್ತಿದ್ದನು. ಅತ್ತಿಮಬ್ಬೆಯ ಗಂಡ ನಾಗದೇವನು ಚಾಲುಕ್ಯರ ದಂಡನಾಯಕ. ಅವನು ತೀರಿಕೊಂಡಾಗ ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿಯೇ ಆದ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡು ಮಗನನ್ನು ಬೆಳೆಸಿದಳು, ಬಸದಿಗಳನ್ನು ಕಟ್ಟಿಸಿದಳು, ರನ್ನ ಕವಿಗೆ ಆಶ್ರಯವಾಗಿ ನಿಂತಳು. ಪೊನ್ನನ ಶಾಂತಿಪುರಾಣವು ಮರೆಯಾಗಬಾರದೆಂದು ಅದರ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಬೆನ್ನುನೋವು ಎಂಬುದನ್ನು ಊಹಿಸಿಕೊಳ್ಳಿ! ಒಬ್ಬ ವಿಧವೆಯು ಕಲ್ಲಿನಲ್ಲಿಯೂ ಓಲೆಯಲ್ಲಿಯೂ ತನ್ನ ಭಕ್ತಿಯನ್ನು ಮುಂದಿನವರಿಗೆ ಒಪ್ಪಿಸಿದಳು.

ಕಟ್ಟಡವಾಗಿಯೂ ಈ ಬಸದಿಗೆ ದೊಡ್ಡ ಸ್ಥಾನವಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಶಿಲ್ಪಿಗಳು ಮರಳುಗಲ್ಲಿನ ಭಾರಿ ದಿಮ್ಮಿಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದರು. ಲಕ್ಕುಂಡಿಯಲ್ಲಿ ಅವರು ನುಣುಪಾದ ಬಳಪದ ಕಲ್ಲಿಗೆ ಕೈಹಾಕಿದರು. ಕಲ್ಲು ಮೃದುವಾದಂತೆ ಉಳಿಯ ಮೊನೆಯೂ ಸೂಕ್ಷ್ಮವಾಯಿತು. ಗೋಡೆಯ ಕಲ್ಲುಗಳು ಚಿಕ್ಕವಾದವು, ಕಂಬಗಳು ತಿರುಗಣೆಯಲ್ಲಿ ಕಡೆದಂತೆ ದುಂಡಾಗಿ ಹೊಳೆದವು. ಮುಂದೆ ನೂರು ನೂರೈವತ್ತು ವರ್ಷ ಈ ನಾಡಿನ ಗುಡಿಗಳು ಹಿಡಿದ ದಾರಿಗೆ ಇದು ಮೊದಲ ಮೆಟ್ಟಿಲುಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಹೆನ್ರಿ ಕಸಿನ್ಸ್ ಅವರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ಬರೆದು 1926ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಲಕ್ಕುಂಡಿಗೆ ವಿಶೇಷ ಗಮನ ಕೊಟ್ಟಿದ್ದಾರೆ. ಒಳಗೆ ನಿಂತಿರುವ ನಾಲ್ಕು ಮುಖದ ಬ್ರಹ್ಮನ ಮೂರ್ತಿಯಿಂದ ಬಸದಿಗೆ ಈ ಹೆಸರು ಬಂತು. ಆ ಮೂರ್ತಿಗೆ ಬಿದ್ದಿರುವ ಪೆಟ್ಟನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗದು.

ಇನ್ನು ಮುಂಡರಗಿ ತಾಲೂಕಿನ ಡಂಬಳಕ್ಕೆ ಬನ್ನಿ. ಅಲ್ಲಿನ ದೊಡ್ಡಬಸಪ್ಪನ ಗುಡಿಯನ್ನು ತಾವು ಕಂಡಿರಬಹುದು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸ್ವಲ್ಪಸ್ವಲ್ಪವೇ ತಿರುಗಿಸಿದರೆ ಮೂಡುವ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರವೇ ಆ ಗರ್ಭಗುಡಿಯ ತಳವಿನ್ಯಾಸ. ಅಡಿಪಾಯದಿಂದ ಶಿಖರದವರೆಗೂ ಆ ಮೂಲೆಗಳು ಎಡೆಬಿಡದೆ ಏರುತ್ತವೆ. ಆದರೆ ನಾನು ಹೇಳಬೇಕಾದದ್ದು ಅದೇ ಊರಿನ ಇನ್ನೊಂದು ದೇವಸ್ಥಾನದ ವಿಷಯ. 1095ರ ಒಂದು ಶಾಸನವು ಡಂಬಳದಲ್ಲಿದ್ದ ಬೌದ್ಧವಿಹಾರವನ್ನು ಹೆಸರಿಸುತ್ತದೆ. ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿಯ ಆಡಳಿತಕ್ಕೆ ಒಳಪಟ್ಟಿದ್ದ ಆ ಊರಿಗೆ ಆಗ ಧರ್ಮವೊಳಲು ಎಂಬ ಹೆಸರು. ವಿಹಾರವನ್ನು ಕಟ್ಟಿಸಿದವರು ಅರಸರಲ್ಲ, ಊರಿನ ಹದಿನಾರು ಮಂದಿ ಸೆಟ್ಟರು. ಲೊಕ್ಕಿಗುಂಡಿಯ, ಅಂದರೆ ನಮ್ಮ ಲಕ್ಕುಂಡಿಯ, ಸೆಟ್ಟಿಯೊಬ್ಬನು ತಾರಾದೇವಿಗೆ ಇನ್ನೊಂದು ವಿಹಾರವನ್ನು ಕಟ್ಟಿಸಿದ ಸಂಗತಿಯೂ ಅದರಲ್ಲಿದೆ.

ಶಾಸನದ ಆರಂಭದಲ್ಲಿಯೇ ತಾರಾದೇವಿಯ ಸ್ತುತಿಯುಂಟು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ನೀರು, ಪಿಶಾಚಿ ಎಂಬ ಭಯಗಳಿಂದ ಪಾರುಮಾಡುವವಳೆಂದು ಆಕೆಯನ್ನು ಅಲ್ಲಿ ಬೇಡಿಕೊಳ್ಳಲಾಗಿದೆ. ಇದನ್ನು ಓದಿದಾಗ ತಮಗೆ 91ನೆಯ ಕೀರ್ತನೆ ನೆನಪಾಗಲಿಲ್ಲವೇ? ಅಲ್ಲಿಯೂ ಸಿಂಹವಿದೆ, ಸರ್ಪವಿದೆ, ಇರುಳಿನ ಭಯವಿದೆ, ಬೇಟೆಗಾರನ ಬಲೆಯಿದೆ. ಎತ್ತುಗಳ ಮೇಲೆ ಸರಕು ಹೇರಿಕೊಂಡು ಕಾಡುದಾರಿಯಲ್ಲಿ ವಾರಗಟ್ಟಲೆ ನಡೆಯುತ್ತಿದ್ದ ವರ್ತಕರ ಹೆದರಿಕೆಗಳು ಇವೇ ತಾನೇ. ಮನೆಯಲ್ಲಿ ಕಾಯುತ್ತಿದ್ದ ಅವರ ಹೆಂಡಿರು ಮಕ್ಕಳ ಹೆದರಿಕೆಯೂ ಅದೇ. ಅವರು ಯಾರನ್ನು ಕರೆದರೆಂಬುದರಲ್ಲಿ ಅವರಿಗೂ ನಮಗೂ ಭೇದವಿದೆ. ಏಕೆ ಕರೆದರೆಂಬುದರಲ್ಲಿ ಎಳ್ಳಷ್ಟೂ ಭೇದವಿಲ್ಲ. ಇಂದು ಡಂಬಳದಲ್ಲಿ ಭಿಕ್ಷುಗಳಿಲ್ಲ, ಆ ವಿಹಾರದ ಬಾಳು ಎಂದೋ ಮುಗಿಯಿತು. ಕಲ್ಲಿನ ಮೇಲೆ ಹದಿನಾರು ಸೆಟ್ಟರ ಕೊಡುಗೆಯ ಮಾತು ಉಳಿದಿದೆ.

ನಮ್ಮ ಕಡೆಯ ಇಂಥ ಶಾಸನಗಳನ್ನು ಓದುವಾಗ ಎರಡು ವಾಡಿಕೆಯ ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಆಚಂದ್ರಾರ್ಕ: ಸೂರ್ಯಚಂದ್ರರಿರುವ ತನಕ ಈ ದಾನವು ನಡೆಯಲಿ. ಇನ್ನೊಂದು, ಖಂಡಸ್ಫುಟಿತ ಜೀರ್ಣೋದ್ಧಾರ: ಮುರಿದದ್ದು, ಬಿರುಕುಬಿಟ್ಟದ್ದು, ಸವೆದದ್ದು ಇವುಗಳನ್ನು ಸರಿಪಡಿಸುವುದಕ್ಕೆ ಇಷ್ಟು ಭೂಮಿ, ಇಷ್ಟು ಸುಂಕ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಹಿರಿಯರ ಬುದ್ಧಿವಂತಿಕೆ ತಿಳಿಯುತ್ತದೆ. ಶಾಶ್ವತವಾಗಿರಲಿ ಎಂದು ಹಾರೈಸಿದವರೇ ಕಲ್ಲು ಬಿರಿಯುತ್ತದೆಂಬುದನ್ನೂ ಬಲ್ಲವರಾಗಿದ್ದರು. ಆದುದರಿಂದ ಕಟ್ಟುವ ದಿನವೇ ರಿಪೇರಿಯ ಹಣವನ್ನೂ ತೆಗೆದಿಟ್ಟರು. ಕೊನೆಯಲ್ಲಿ ಶಾಪಾಶಯ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ತಟ್ಟುತ್ತದೆಂದು ಅಲ್ಲಿ ಬರೆದಿರುತ್ತದೆ. ಅದರ ಜೊತೆಯಲ್ಲಿಯೇ ಇನ್ನೊಂದು ತತ್ವವನ್ನೂ ಕೆತ್ತಿರುವುದುಂಟು: ತಾನು ಕೊಡುವುದು ಸುಲಭ, ಪರರು ಕೊಟ್ಟದ್ದನ್ನು ಕಾಯುವುದು ಕಷ್ಟ, ಎರಡರಲ್ಲಿ ಕಾಯುವುದೇ ಮೇಲು.

ಈ ತತ್ವವು ನನ್ನನ್ನು ಬಹಳ ಕಾಲದಿಂದ ಕಾಡಿದೆ. ನಾವು ಸಭೆಗಳಲ್ಲಿ ಕೊಡುವುದನ್ನು ಕುರಿತು ಎಷ್ಟೊಂದು ಪ್ರಸಂಗಗಳನ್ನು ಕೇಳುತ್ತೇವೆ! ದಶಮಾಂಶ, ಸುಗ್ಗಿಯ ಕಾಣಿಕೆ, ಕಟ್ಟಡ ನಿಧಿ ಎಂದು ವರ್ಷವಿಡೀ ಕೊಡುವ ಮಾತೇ. ಯಾರೋ ಕೊಟ್ಟು ಹೋದದ್ದನ್ನು ಕಾಯುವುದನ್ನು ಕುರಿತು ಪ್ರಸಂಗ ಕೇಳಿದ ನೆನಪು ತಮಗುಂಟೇ? ಕೊಟ್ಟವರ ಹೆಸರು ಅಮೃತಶಿಲೆಯ ಹಲಗೆಯ ಮೇಲೆ ಬರುತ್ತದೆ. ಸೋರುವ ಹಂಚನ್ನು ಮಳೆಗಾಲಕ್ಕೆ ಮುಂಚೆ ಬದಲಾಯಿಸಿದವನ ಹೆಸರು ಎಲ್ಲಿಯೂ ಬರುವುದಿಲ್ಲ.

ಹಾಳುಮಾಡಿದವರು ಯಾರು ಎಂಬ ಪ್ರಶ್ನೆ ಬಂದಾಗ ಹೊರಗಿನವರತ್ತ ಬೆರಳು ತೋರಿಸುವುದು ನಮಗೆಲ್ಲ ರೂಢಿ. ಐರ್ಲೆಂಡ್ ದೇಶದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಅಲ್ಲಿಯ ಕಿಲ್ಕೆನಿ ಪ್ರಾಂತದಲ್ಲಿ ಕೆಲ್ಸ್ ಎಂಬ ಹಳ್ಳಿಯ ಬಳಿ ಹೊಲಗಳ ನಡುವೆ ಒಂದು ದೊಡ್ಡ ಹಾಳು ಮಠವಿದೆ. 1193ರಲ್ಲಿ ಜೆಫ್ರಿ ಫಿಟ್ಜ್‌ರಾಬರ್ಟ್ ಎಂಬ ಸರದಾರನು ಸಂತ ಅಗಸ್ಟೀನನ ನಿಯಮದಂತೆ ಬಾಳುವ ಯಾಜಕರಿಗಾಗಿ ಅದನ್ನು ಸ್ಥಾಪಿಸಿದನು. ಸುತ್ತಲೂ ಗೋಡೆ, ಗೋಡೆಗೆ ಬುರುಜುಗಳು. ದೂರದಿಂದ ನೋಡಿದವರಿಗೆ ಮಠಕ್ಕಿಂತ ಕೋಟೆಯೆಂದೇ ತೋರುತ್ತದೆ. ಅದಕ್ಕೆ ಕಾರಣವೂ ಉಂಟು: ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಅದನ್ನು ಮತ್ತೆ ಮತ್ತೆ ಸುಟ್ಟರು. ಸುಟ್ಟವರು ಅನ್ಯಮತದವರಲ್ಲ, ಕ್ರೈಸ್ತ ಸರದಾರರು. ಕಡೆಗೆ 1540ರಲ್ಲಿ ಇಂಗ್ಲೆಂಡಿನ ಅರಸ ಎಂಟನೆಯ ಹೆನ್ರಿಯ ಆಜ್ಞೆಯಂತೆ ಮಠವನ್ನು ಮುಚ್ಚಿದರು. ಅದರ ಆಸ್ತಿ ಒಬ್ಬ ಶ್ರೀಮಂತನ ಪಾಲಾಯಿತು. ಒಂದೇ ಶಿಲುಬೆಗೆ ಮಣಿದವರು ಒಂದೇ ಶಿಲುಬೆಗೆ ಮಣಿದವರ ಕಾಣಿಕೆಯನ್ನು ನುಂಗಿದರು. ನಮ್ಮ ನಾಡಿನ ಬಸದಿ ವಿಹಾರಗಳ ಕಥೆಯಲ್ಲಿಯೂ ಯುದ್ಧವಿದೆ, ಪಂಥಗಳ ತಿಕ್ಕಾಟವಿದೆ. ಆದರೆ ಬಹಳಷ್ಟು ಕಡೆ ಇವೆರಡೂ ಅಲ್ಲ, ಕೇವಲ ಮರೆವು. ಪೋಷಿಸುತ್ತಿದ್ದ ವರ್ತಕರು ಬೇರೆ ದಾರಿ ಹಿಡಿದರು, ಉಂಬಳಿಯ ಹೊಲ ಇನ್ನೊಬ್ಬರ ಕೈಸೇರಿತು, ದೀಪದ ಎಣ್ಣೆ ನಿಂತಿತು. ಚಾವಣಿಯ ಸಂದಿನಲ್ಲಿ ಅರಳಿಯ ಸಸಿ ಬೇರುಬಿಡಲು ಅಷ್ಟು ಸಾಕು.

ಈಗ ಒಂದು ಕಠಿಣ ಆಕ್ಷೇಪಣೆಗೆ ಬರೋಣ. ವಿಗ್ರಹವುಳ್ಳ ಬಲಿಪೀಠಗಳನ್ನು ಕೆಡವಿಬಿಡಬೇಕೆಂದು ಧರ್ಮೋಪದೇಶಕಾಂಡದ 12ನೆಯ ಅಧ್ಯಾಯದಲ್ಲಿ ಅಪ್ಪಣೆಯಾಗಿಲ್ಲವೇ, ಹೀಗಿರುವಾಗ ಮುರಿದ ಮೂರ್ತಿಗಾಗಿ ಕ್ರೈಸ್ತನು ಮರುಗುವುದೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅವರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಆ ಅಪ್ಪಣೆಯು ಇಸ್ರಾಯೇಲ್ಯರಿಗೆ, ಅವರಿಗೆ ಕೊಟ್ಟ ನಾಡಿನಲ್ಲಿ, ಅವರ ಸ್ವಂತ ಭಕ್ತಿಯು ಕೆಡದಿರಲೆಂದು ಬಂದದ್ದು. ಅಪೊಸ್ತಲರು ಅನ್ಯರ ಪಟ್ಟಣಗಳಲ್ಲಿ ನಡೆದುಕೊಂಡ ರೀತಿಯನ್ನು ನೋಡಿ. ಅಥೇನೆಯಲ್ಲಿ ಪೌಲನು ವಿಗ್ರಹಗಳನ್ನು ಕಂಡು ಮನಸ್ಸಿನಲ್ಲಿ ಕುದಿದನೆಂದು ಬರೆದಿದೆ. ಆದರೂ ಅವನು ಸುತ್ತಿಗೆಯನ್ನು ಎತ್ತಿಕೊಳ್ಳಲಿಲ್ಲ. ಆ ಜನರು ಪೂಜಿಸುವ ವಸ್ತುಗಳನ್ನು ಸುತ್ತಾಡಿ ಗಮನವಿಟ್ಟು ನೋಡಿದನು, ಒಂದು ಬಲಿಪೀಠದ ಮೇಲಿನ ಬರಹವನ್ನು ಓದಿದನು, ಆ ಬರಹದಿಂದಲೇ ಮಾತನ್ನು ಆರಂಭಿಸಿದನು. ಶಾಸನ ಓದುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಎಫೆಸದಲ್ಲಿ ಗದ್ದಲವೆದ್ದಾಗ ಊರಿನ ಅಧಿಕಾರಿಯೇ ಎದ್ದುನಿಂತು, ಈ ಮನುಷ್ಯರು ಗುಡಿಯನ್ನು ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂಬ ಅರ್ಥದ ಸಾಕ್ಷಿಯನ್ನು ಕೊಟ್ಟನು (ಅ.ಕೃ. 19). ಪೌಲನ ಸಂಗಡಿಗರ ಪರವಾಗಿ ಸಾಕ್ಷಿ ನುಡಿದವನು ಅನ್ಯಮತದವನೇ! ಪೂಜಿಸುವುದು ಬೇರೆ, ಕಾಯುವುದು ಬೇರೆ. ನೆರೆಮನೆಯವನ ತಾಯಿಯನ್ನು ನಾನು ಅಮ್ಮಾ ಎಂದು ಕರೆಯದಿರಬಹುದು. ಆಕೆಯ ಸಮಾಧಿಯ ಕಲ್ಲನ್ನು ತಂದು ನನ್ನ ಬಚ್ಚಲಿಗೆ ಹಾಸಲು ಅದರಿಂದ ಹಕ್ಕು ಬರುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಭಾರವಾದದ್ದು. ದೇವರು ಮನುಷ್ಯರ ಕೈಗಳು ಕಟ್ಟಿದ ಮನೆಯಲ್ಲಿ ಹಿಡಿಸುವವನಲ್ಲ ಎಂದು ಸೊಲೊಮೋನನೇ ತಾನು ಕಟ್ಟಿಸಿದ ದೇವಾಲಯದ ಪ್ರತಿಷ್ಠೆಯ ದಿನ ಒಪ್ಪಿಕೊಂಡನು. ಕಲ್ಲಿನ ಮೇಲೆ ಕಲ್ಲು ನಿಲ್ಲದ ದಿನ ಬರುತ್ತದೆಂದು ಕರ್ತನು ಶಿಷ್ಯರಿಗೆ ಹೇಳಿದನು. ಹಸಿದವರಿರುವಾಗ ಕಲ್ಲುಗಳಿಗೆ ಹಣವೇಕೆ? ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸನು ಸೆರೆಯಾದವರನ್ನು ಬಿಡಿಸುವುದಕ್ಕಾಗಿ ದೇವಾಲಯದ ಪಾತ್ರೆಗಳನ್ನೇ ಕರಗಿಸಿದನು. ಅವನು ಮಾಡಿದ್ದು ಸರಿ. ಲಕ್ಕುಂಡಿಯಂಥ ಊರಿನ ನಿವಾಸಿಗಳ ಪಾಡನ್ನು ಈ ಬೆಳಕಿನಲ್ಲಿ ನೋಡಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿಗೆ ನಿಯಂತ್ರಣ. ಮಗನಿಗೆ ಮದುವೆಯಾಯಿತೆಂದು ಒಂದು ಕೋಣೆ ಕಟ್ಟಿಕೊಳ್ಳಬೇಕೆನ್ನುವ ಬಡವನಿಗೆ ಅತ್ತಿಮಬ್ಬೆಯ ದಾನವು ಅಡ್ಡಗೋಡೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ದೂರದಿಂದ ಬಂದು ಚಿತ್ರ ತೆಗೆದುಕೊಂಡು ಹೋಗುವವರು ಮೆಚ್ಚುತ್ತಾರೆ. ಕಾಯುವ ಭಾರ ಮಾತ್ರ ಪಕ್ಕದ ಮನೆಯವರ ಹೆಗಲ ಮೇಲೆ. ಮೆಚ್ಚುವವರೆಲ್ಲರೂ ಆ ಭಾರದಲ್ಲಿ ಪಾಲುಕೊಡದ ಹೊರತು ಈ ಕಾವಲು ನ್ಯಾಯವಾದ ಕಾವಲಲ್ಲ ಎಂಬುದು ನನ್ನ ಅಭಿಪ್ರಾಯ. ಇತ್ತೀಚಿನ ವರ್ಷಗಳಲ್ಲಿ ಆ ಊರಿನಲ್ಲಿ ಚದುರಿಹೋಗಿದ್ದ ಕೆತ್ತನೆಯ ಕಲ್ಲುಗಳನ್ನು ಒಂದೆಡೆ ಕೂಡಿಸುವ ಕೆಲಸ ನಡೆದಿದೆ. ಕಲ್ಲು ಒಪ್ಪಿಸಿದ ಗ್ರಾಮಸ್ಥರದು ಚಿಕ್ಕ ಕೊಡುಗೆಯಲ್ಲ.

ಪರರ ದಾನವನ್ನು ಕಾದವರ ನಿದರ್ಶನವೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಗದಗ ತಾಲೂಕಿನ ಗಾವರವಾಡದ ಶಾಸನವು 1071-72ರ ಕಾಲದ್ದು. ಗಂಗ ಬೂತುಗನು ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಬಸದಿಯನ್ನು ಚೋಳರ ದಂಡು ಸುಟ್ಟದ್ದನ್ನು ಅದು ಹೇಳುತ್ತದೆ. ಬೆಳ್ವೊಲ, ಪುಲಿಗೆರೆ ನಾಡುಗಳನ್ನು ಆಳುತ್ತಿದ್ದ ಲಕ್ಷ್ಮರಸನು ಹಳೆಯ ದಾನವನ್ನು ಪುನಃ ನಡೆಯುವಂತೆ ಮಾಡಿದ್ದನ್ನೂ ಹೇಳುತ್ತದೆ. ಬೂತುಗನಿಗೂ ಲಕ್ಷ್ಮರಸನಿಗೂ ನಡುವೆ ನೂರು ವರ್ಷಕ್ಕಿಂತ ಹೆಚ್ಚಿನ ಅಂತರ. ತನ್ನ ಹೆಸರಿನ ಹೊಸ ಬಸದಿಯೊಂದನ್ನು ಕಟ್ಟಿಸಿದ್ದರೆ ಅವನಿಗೆ ಇನ್ನೂ ಹೆಚ್ಚಿನ ಕೀರ್ತಿ ಬರುತ್ತಿತ್ತೇನೋ.

ನಮ್ಮ ಮಿಷನರಿ ಹಿರಿಯರಲ್ಲಿಯೂ ಕೆಲವರು ಈ ಕೆಲಸ ಮಾಡಿದರು. ಹರ್ಮನ್ ಮೋಗ್ಲಿಂಗರು 1848ರಿಂದ ಮುಂದಕ್ಕೆ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಮಾಡಿಸಿದರು. ಫರ್ಡಿನೆಂಡ್ ಕಿಟ್ಟೆಲರು ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಪ್ರಕಟಿಸಿದರು. ಸುವಾರ್ತೆ ಸಾರಲು ಬಂದವರಿಗೆ ಹಳಗನ್ನಡ ವ್ಯಾಕರಣದ ಓಲೆಗಳೇಕೆ ಎಂದು ಬಾಸೆಲಿನಲ್ಲಿ ಕೆಲವರಾದರೂ ಹುಬ್ಬೇರಿಸಿರಬೇಕು. ಅತ್ತಿಮಬ್ಬೆಯ ಸಾವಿರ ಓಲೆಪ್ರತಿಗಳಿಗೂ ಮಂಗಳೂರಿನ ಮಿಷನ್ ಛಾಪಖಾನೆಗೂ ನಡುವೆ ಒಂದು ನೆಂಟಸ್ತಿಕೆಯನ್ನು ನಾನು ಕಾಣುತ್ತೇನೆ; ಇಬ್ಬರೂ ಮತ್ತೊಬ್ಬರ ಮಾತು ಸಾಯದಂತೆ ನೋಡಿಕೊಂಡರು.

ಹಾಗಾದರೆ ನಮ್ಮ ಸ್ವಂತ ಮನೆಯ ಸಂಗತಿ ಏನು? ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನೇಕಾರರ ಊರಾದ ಬೆಟಗೇರಿಗೆ ಬಂತು. ಆ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತಿತ್ತು ಎಂದು ಬಲ್ಲಿರಾ? ಶ್ರೀಮಂತರಿಂದ ಮಾತ್ರವಲ್ಲ. ಯೂರೋಪಿನ ಹಳ್ಳಿಗಳ ಬಡ ಕುಟುಂಬಗಳು ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಪುಡಿಕಾಸನ್ನು ಕೊಡುವ ಏರ್ಪಾಡು 1855ರಲ್ಲಿ ಆರಂಭವಾಯಿತು. ಬೆಟಗೇರಿಯನ್ನಾಗಲಿ ಗದಗನ್ನಾಗಲಿ ಎಂದೂ ಕಾಣದ ಹೆಂಗಸರು ಆ ಕಾಸನ್ನು ಒಟ್ಟುಗೂಡಿಸಿದರು. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಲೇ ಕಳುಹಿಸಿದರು. ಕೊಟ್ಟವರು ಹೋದರು, ಕಾಯುವ ಕೆಲಸ ಇಲ್ಲಿಯವರ ಕೈಗೆ ಬಂತು. ಹದಿನಾರು ಸೆಟ್ಟರ ವಿಹಾರಕ್ಕೆ ಬಂದ ಘಳಿಗೆಯೇ ಅದು. ನಮ್ಮ ಅಜ್ಜ ಮುತ್ತಜ್ಜಂದಿರು ದೀಪ ಆರದಂತೆ ನೋಡಿಕೊಂಡದ್ದರಿಂದ ನಾವು ಇಂದು ಭಾನುವಾರ ಅಲ್ಲಿ ಕುಳಿತುಕೊಳ್ಳುತ್ತೇವೆ.

ಯೋವಾಷ ಅರಸನ ಕಾಲದ ಒಂದು ಪ್ರಸಂಗ 2 ಅರಸುಗಳು 12ರಲ್ಲಿದೆ. ದೇವಾಲಯದ ಜೀರ್ಣೋದ್ಧಾರಕ್ಕೆಂದು ಜನರು ಹಣ ಕೊಡುತ್ತಲೇ ಇದ್ದರು. ಆದರೆ ಅರಸನ ಆಳಿಕೆಯ ಇಪ್ಪತ್ತಮೂರನೆಯ ವರ್ಷ ಬಂದರೂ ಯಾಜಕರು ಒಂದು ಬಿರುಕನ್ನೂ ಮುಚ್ಚಿಸಿರಲಿಲ್ಲ. ಕಡೆಗೆ ಯೆಹೋಯಾದನು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಬಲಿಪೀಠದ ಪಕ್ಕದಲ್ಲಿ ಇರಿಸಿದನು, ಹಣ ನೇರವಾಗಿ ಬಡಗಿಗಳ ಮತ್ತು ಕಲ್ಲುಕುಟಿಗರ ಕೈಸೇರಿತು. ಕಟ್ಟಡ ಸಮಿತಿಗಳಲ್ಲಿ ಸೇವೆಮಾಡುವ ಸಹೋದರರು ಈ ಅಧ್ಯಾಯವನ್ನು ಓದಿ ಒಬ್ಬರಿಗೊಬ್ಬರು ನಕ್ಕರೆ ತಪ್ಪಿಲ್ಲ.

ಲಕ್ಷ್ಮೇಶ್ವರದ ಶಂಖಬಸದಿಯ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. ಅಲ್ಲಿನ ಶಿಲಾಶಾಸನದಲ್ಲಿ ಬಾದಾಮಿ ಚಾಲುಕ್ಯರ ಕಾಲದ, ಅಂದರೆ ಏಳು ಎಂಟನೆಯ ಶತಮಾನಗಳ ದಾನಗಳ ಪಾಠವಿದೆ. ಆದರೆ ಅಕ್ಷರಗಳು ಸುಮಾರು ಹತ್ತನೆಯ ಶತಮಾನದವು. ಅವು ಹಳೆಯ ಪತ್ರಗಳ ನಿಷ್ಠೆಯ ನಕಲೋ, ಅನಂತರ ಕಟ್ಟಿದ ಮಾತೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಏನೇ ಆಗಲಿ, ತಮಗಿಂತ ಇನ್ನೂರು ವರ್ಷ ಹಿಂದಿನ ಕೊಡುಗೆ ಮರೆತುಹೋದೀತೆಂಬ ಭಯ ಅಲ್ಲಿಯವರಿಗೆ ಇತ್ತು. ಓಲೆಯೋ ತಾಮ್ರವೋ ಕಳೆದುಹೋಗುವ ಮುಂಚೆ ಅದನ್ನು ಕಲ್ಲಿಗೆ ಇಳಿಸಿದರು. ನಮ್ಮ ಕಡೆಯ ಹಳೆಯ ಮಿಷನ್ ಸ್ಮಶಾನಗಳಲ್ಲಿ ಜರ್ಮನ್ ಭಾಷೆಯ ಸಮಾಧಿಕಲ್ಲುಗಳುಂಟು. ಕೆಲವುಗಳ ಮೇಲಿನ ಲಿಪಿಯನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ. ಹಳೆಯ ದೀಕ್ಷಾಸ್ನಾನದ ಮತ್ತು ಮದುವೆಯ ದಾಖಲೆ ಪುಸ್ತಕಗಳು ಎಲ್ಲಿವೆ, ಗೆದ್ದಲು ಹತ್ತಿದೆಯೇ ಎಂದು ತಮ್ಮ ಸಭಾಪಾಲಕರನ್ನು ವಿಚಾರಿಸಿ ನೋಡಿ. ಕಲ್ಲುಗಳ ಪಾಚಿಯನ್ನು ನೀರಿನಿಂದ ತೊಳೆದು, ಬಲ್ಲವರಿಂದ ಓದಿಸಿ, ಹೆಸರು ತಾರೀಖುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಯುವಜನ ಸಂಘದ ಹತ್ತು ಹುಡುಗ ಹುಡುಗಿಯರಿಗೆ ಒಂದು ಮಧ್ಯಾಹ್ನದ ಕೆಲಸ.